ಮಗುವಿನ ವಾರವನ್ನು ಬರೆದುಕೊಂಡು ಹೋಗಿ

"ತಂದೆಯು ಪರಸ್ಪರ ಅನುಕೂಲವಾದ ಸಮಯದಲ್ಲಿ ಮಗುವನ್ನು ಭೇಟಿ ಮಾಡಬಹುದು."

ನಮ್ಮ ಸಂಬಂಧಿಕರ ಮನೆಯ ಡೈವೋರ್ಸ್ ಒಪ್ಪಂದ ಪತ್ರದಲ್ಲಿ ಮಗುವಿನ ಬಗ್ಗೆ ಇದ್ದದ್ದು ಇದೊಂದೇ ಸಾಲು. ಫ್ಲ್ಯಾಟಿನ ಬಗ್ಗೆ ಒಂದೂವರೆ ಪುಟ ಇತ್ತು, ಕಾರಿನ ಬಗ್ಗೆ ಒಂದು ಪ್ಯಾರಾ ಇತ್ತು, ಒಡವೆಗಳ ಪಟ್ಟಿ ಗ್ರಾಂ ಲೆಕ್ಕದಲ್ಲಿತ್ತು. ಆರು ವರ್ಷದ ಹುಡುಗನಿಗೆ ಒಂದು ಸಾಲು. ಅಪ್ಪ ಬಿಟಿಎಂ ಲೇಔಟಿನಲ್ಲಿ, ಅಮ್ಮ ಬನಶಂಕರಿ ಎರಡನೇ ಹಂತದ ತವರಿನಲ್ಲಿ. ಡಿಕ್ರಿ ಆದ ಮೇಲೆ ಬಂದ ಮೊದಲ ಗಣೇಶ ಹಬ್ಬಕ್ಕೇ ಆ ಸಾಲು ಕೈಕೊಟ್ಟಿತು. ಬೆಳಿಗ್ಗೆಯೇ ಕರೆದುಕೊಂಡು ಹೋಗುವುದೆಂದು ಅಪ್ಪ ಅಂದುಕೊಂಡಿದ್ದ. ಪೂಜೆ, ಊಟ ಮುಗಿದ ಮೇಲೆ ಎಂದು ಅಮ್ಮ. ಫೋನಿನಲ್ಲಿ ಮಾತಿಗೆ ಮಾತು ಬೆಳೆಯಿತು. ಹುಡುಗ ಹೊಸ ಜುಬ್ಬಾ ಹಾಕಿಕೊಂಡು ಮಧ್ಯಾಹ್ನ ಎರಡರವರೆಗೂ ಗೇಟಿನ ಹತ್ತಿರ ನಿಂತಿದ್ದ. ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ, ಒಳಗೆ ಕರೆದರೂ ಅವನು ಬರಲಿಲ್ಲ.

ಈ ಲೇಖನಕ್ಕೆ ಆ ಸಾಲೇ ಕಾರಣ. ಮದುವೆ ಮುರಿಯುವ ಹಂತಕ್ಕೆ ಬಂದವರು ವಕೀಲರ ಎದುರು ಕೂತ ಕೂಡಲೇ ಕೇಳುವುದು "ಮಗು ಯಾರಿಗೆ ಸಿಗುತ್ತೆ?" ಎಂದು. ಆ ಪ್ರಶ್ನೆ ಕೇಳಿದ ಗಳಿಗೆಯಿಂದಲೇ ಮಗು ಸೈಟಿನ ಹಾಗೆ ಪಾಲಿನ ವಸ್ತುವಾಗಿಬಿಡುತ್ತದೆ. ಮಗುವಿನ ಸೋಮವಾರ ಹೇಗಿರುತ್ತದೆ, ಶನಿವಾರ ಎಲ್ಲಿ ಮಲಗುತ್ತದೆ, ದಸರಾ ರಜೆ ಯಾರ ಜೊತೆ ಎಂದು ಕೇಳಿಕೊಂಡರೆ ಕಾನೂನು ನಿಮಗೆ ತುಂಬ ಸಹಾಯ ಮಾಡುತ್ತದೆ. ಅದು ಹೇಗೆ ಅನ್ನುವುದನ್ನು, ದಾರಿ ತಿಳಿದವರೊಬ್ಬರು ಜೊತೆಗಿದ್ದು ಹೇಳುವ ಹಾಗೆ ಹೇಳಲು ಪ್ರಯತ್ನಿಸುತ್ತೇನೆ.

ನ್ಯಾಯದೇಗುಲದ ದಾರಿ

ಬೆಂಗಳೂರಿನ ಕುಟುಂಬ ನ್ಯಾಯಾಲಯಗಳು ಇರುವುದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ. ಲಾಲ್‌ಬಾಗಿನ ಡಬಲ್ ರೋಡ್ ಗೇಟಿಗೂ ಶಾಂತಿನಗರ ಬಸ್ ನಿಲ್ದಾಣಕ್ಕೂ ಹತ್ತಿರ. ಸಿಟಿ ಸಿವಿಲ್ ಕೋರ್ಟ್ ಎಂದು ತಿಳಿದು ಕೆ.ಜಿ. ರಸ್ತೆಗೆ ಹೋಗಬೇಡಿ. ಬನಶಂಕರಿ, ಜೆ.ಪಿ. ನಗರದ ಕಡೆಯವರು ಹಸಿರು ಮೆಟ್ರೊದಲ್ಲಿ ಲಾಲ್‌ಬಾಗ್ ನಿಲ್ದಾಣಕ್ಕೆ ಬಂದು ಆಟೊ ಹಿಡಿಯಬಹುದು. ಬಿಟಿಎಂನವರಿಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಇದೆ, ಆರ್.ವಿ. ರಸ್ತೆಯಲ್ಲಿ ಬದಲಾಯಿಸಬೇಕು. ಕೇಸಿನ ದಿನ ಕಾರು ನಿಲ್ಲಿಸಲು ಜಾಗ ಹುಡುಕುತ್ತ, ಒಳಗೆ ನಿಮ್ಮ ಹೆಸರು ಕೂಗಿದ್ದು ತಪ್ಪಿಹೋಗಬಾರದು. ಮೀಡಿಯೇಷನ್ ಸೆಂಟರ್ ಎಂದೇ ಎಲ್ಲರೂ ಕರೆಯುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವೂ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯೂ ಇದೇ ಕಟ್ಟಡದಲ್ಲಿವೆ. ಉಚಿತ ವಕೀಲರ ನೆರವು ಪಡೆಯಲು ಹೆಣ್ಣುಮಕ್ಕಳಿಗೆ ಮತ್ತು ಮಕ್ಕಳಿಗೆ ಆದಾಯದ ಮಿತಿ ಇಲ್ಲ. ಸಂಬಳ ತರುವ ಹೆಂಗಸಿಗೂ ಈ ಹಕ್ಕಿದೆ, ತುಂಬ ಜನಕ್ಕೆ ಇದು ಗೊತ್ತಿಲ್ಲ. 15100 ಸಂಖ್ಯೆಗೆ ಕರೆ ಮಾಡಿ ಕೇಳಬಹುದು.

ಮದುವೆ ಆದದ್ದು ಶಿವಮೊಗ್ಗದಲ್ಲಿ, ಗಂಡನ ಮನೆ ಹುಬ್ಬಳ್ಳಿಯಲ್ಲಿ, ಈಗ ಇರುವುದು ಜಯನಗರದಲ್ಲಿ. ಹಾಗಾದರೆ ಕೇಸು ಎಲ್ಲಿ? ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮದುವೆ ನಡೆದ ಊರು, ಎದುರುದಾರರು ಇರುವ ಊರು, ಇಬ್ಬರೂ ಕೊನೆಗೆ ಒಟ್ಟಿಗೆ ಇದ್ದ ಊರು, ಈ ಮೂರರಲ್ಲಿ ಎಲ್ಲಾದರೂ ಹಾಕಬಹುದು. 2003ರ ತಿದ್ದುಪಡಿಯ ಮೇಲೆ, ಹೆಂಡತಿ ಅರ್ಜಿದಾರಳಾಗಿದ್ದರೆ ಅವಳು ಈಗ ವಾಸವಿರುವ ಊರಿನಲ್ಲೂ ಹಾಕಬಹುದು. ಮಗುವಿನ ಕಸ್ಟಡಿಗಾಗಿಯೇ 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಡಿ ಪ್ರತ್ಯೇಕ ಅರ್ಜಿ ಹಾಕುವುದಾದರೆ ಲೆಕ್ಕ ಬೇರೆ. ಅಲ್ಲಿ ನೋಡುವುದು ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೆ ಎಂಬುದನ್ನು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡಬೇಕು. ಛಾಪಾ ಕಾಗದದ ಮೇಲೆ "ನಾವಿಬ್ಬರೂ ಬೇರೆಯಾಗಿದ್ದೇವೆ" ಎಂದು ಬರೆದು ನೋಟರಿ ಮೊಹರು ಹಾಕಿಸಿದರೆ ವಿಚ್ಛೇದನ ಆಗುವುದಿಲ್ಲ. ಸಮುದಾಯದಲ್ಲಿ ಹಿಂದಿನಿಂದ ಬಂದ ವಿಚ್ಛೇದನದ ಪದ್ಧತಿ ಇದೆ ಎಂದು ಸಾಬೀತು ಮಾಡಲು ಆಗದಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ. ಅದನ್ನು ನಂಬಿ ಮರುಮದುವೆಯಾದವರು ದೊಡ್ಡ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ಒಪ್ಪಿಗೆಯಿಂದ, ಅಥವಾ ವ್ಯಾಜ್ಯದಿಂದ

ಕೋರ್ಟಿನ ಕಾರಿಡಾರಿನಲ್ಲಿ "ಮ್ಯೂಚುವಲ್" ಎಂದಷ್ಟೇ ಹೇಳುತ್ತಾರೆ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ಕಲಂ ಅದು. ಕನಿಷ್ಠ ಒಂದು ವರ್ಷ ಬೇರೆ ಬೇರೆ ಬದುಕಿರಬೇಕು. ಬೇರೆ ಎಂದರೆ ಬೇರೆ ಮನೆ ಎಂದೇ ಅಲ್ಲ. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡಿರಾಗಿ ಬದುಕದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಈ ನಗರದ ಬಾಡಿಗೆ, ಅಡ್ವಾನ್ಸ್ ನೋಡಿದರೆ ಆ ಮಾತಿನ ಬೆಲೆ ಗೊತ್ತಾಗುತ್ತದೆ. ಅರ್ಜಿ ಕೊಟ್ಟ ಮೇಲೆ ಆರು ತಿಂಗಳು ಕಾಯಬೇಕು, ಆಮೇಲೆ ಇಬ್ಬರೂ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ಡಿಕ್ರಿ ಆಗುವ ಮುಂಚೆ ಒಬ್ಬರು ಮನಸ್ಸು ಬದಲಿಸಿದರೂ ಅರ್ಜಿ ಬಿದ್ದುಹೋಗುತ್ತದೆ.

ಆ ಆರು ತಿಂಗಳನ್ನು ಮನ್ನಾ ಮಾಡಬಹುದು ಎಂದು 2017ರ ಸೆಪ್ಟೆಂಬರ್ 12ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದಕ್ಕೆ ಷರತ್ತುಗಳಿವೆ. ಅರ್ಜಿ ಕೊಡುವ ಹೊತ್ತಿಗೇ ಬೇರೆಯಾಗಿ ಒಂದೂವರೆ ವರ್ಷ ಆಗಿರಬೇಕು, ರಾಜಿಯ ಪ್ರಯತ್ನಗಳು ಮುಗಿದಿರಬೇಕು, ಮತ್ತು ಜೀವನಾಂಶ, ಮಗುವಿನ ಕಸ್ಟಡಿ ಎಲ್ಲ ನಿಜವಾಗಿ ಇತ್ಯರ್ಥ ಆಗಿರಬೇಕು. ಈ ಕೊನೆಯದನ್ನು ಗಮನಿಸಿ. ಮಗುವಿನ ವಿಷಯವನ್ನು ಒಂದು ಸಾಲಿನಲ್ಲಿ ತೇಲಿಸಿದರೆ ಇತ್ಯರ್ಥ ಆಯಿತು ಎಂದು ಅರ್ಥವಲ್ಲ.

ಒಪ್ಪಿಗೆ ಇಲ್ಲದಿದ್ದರೆ 13ನೇ ಕಲಂ: ಕ್ರೌರ್ಯ, ಎರಡು ವರ್ಷಕ್ಕೆ ಕಡಿಮೆಯಿಲ್ಲದ ಪರಿತ್ಯಾಗ, ಪರಸಂಬಂಧ ಇಂಥ ಕಾರಣಗಳನ್ನು ಸಾಕ್ಷ್ಯಸಮೇತ ಸಾಬೀತು ಮಾಡಬೇಕು. ಇದು ವರ್ಷಗಳ ಕೆಲಸ. "ನಮ್ಮ ಮದುವೆಯಲ್ಲಿ ಏನೂ ಉಳಿದಿಲ್ಲ" ಅನ್ನುವುದೇ ಕುಟುಂಬ ನ್ಯಾಯಾಲಯದಲ್ಲಿ ಕಾರಣವಾಗುವುದಿಲ್ಲ. ಸಂವಿಧಾನದ 142ನೇ ವಿಧಿಯಡಿ ಆ ಕಾರಣಕ್ಕೆ ಮದುವೆಯನ್ನು ರದ್ದು ಮಾಡುವ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ ಎಂಬುದು 2023ರ ಮೇ 1ರ ಸಂವಿಧಾನ ಪೀಠದ ತೀರ್ಪಿನಿಂದ ಸ್ಪಷ್ಟವಾಗಿದೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಮತ್ತು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ವಿಚ್ಛೇದನದ ಕಾಯ್ದೆ ಬೇರೆ. ಆದರೆ ಮುಂದೆ ಹೇಳುವ ಮಗುವಿನ ಹಿತದ ಮಾತು ಎಲ್ಲರಿಗೂ ಒಂದೇ.

ಮೇಜಿನ ಸುತ್ತ

ಎರಡೂ ಕಡೆಯವರು ಹಾಜರಾದ ಮೇಲೆ ನ್ಯಾಯಾಧೀಶರು ಸಾಮಾನ್ಯವಾಗಿ ಕೇಸನ್ನು ಮೀಡಿಯೇಷನ್‌ಗೆ ಕಳಿಸುತ್ತಾರೆ. ರಾಜಿಗೆ ಪ್ರಯತ್ನಿಸುವುದು 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಂ ನ್ಯಾಯಾಲಯದ ಮೇಲೆ ಹೊರಿಸಿರುವ ಕರ್ತವ್ಯ. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ಈ ಕೆಲಸ ಮಾಡುತ್ತಿದೆ. ಅಲ್ಲಿ ಕೂರುವವರು ತರಬೇತಿ ಪಡೆದ ಮಧ್ಯಸ್ಥಗಾರರು, ಹೆಚ್ಚಿನವರು ಅನುಭವಿ ವಕೀಲರು. ನ್ಯಾಯಾಲಯ ಕಳಿಸಿದ ಕೇಸಿಗೆ ನೀವು ಅವರಿಗೆ ಶುಲ್ಕ ಕೊಡಬೇಕಾಗಿಲ್ಲ.

"ಮೀಡಿಯೇಷನ್ ಅಂದರೆ ಮತ್ತೆ ಸಂಸಾರ ಮಾಡಿ ಅಂತ ಬುದ್ಧಿ ಹೇಳೋದು" ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಮನೆಯಲ್ಲಿ ದೊಡ್ಡವರು ಕೂತು ಮಾಡಿಸುವ ಪಂಚಾಯ್ತಿಯ ನೆನಪು ಅದು. ಇಲ್ಲಿ ಹಾಗಲ್ಲ. ಮಧ್ಯಸ್ಥಗಾರರು ತೀರ್ಪು ಹೇಳುವುದಿಲ್ಲ. ಮೊದಲು ಇಬ್ಬರನ್ನೂ ಎದುರು ಕೂರಿಸಿಕೊಂಡು ಮಾತಾಡುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ. ಒಬ್ಬರೇ ಇದ್ದಾಗ ಹೇಳಿದ ಗುಟ್ಟನ್ನು ನಿಮ್ಮ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ದಾಟಿಸುವುದಿಲ್ಲ. ಒಟ್ಟಿಗೆ ಬಾಳುವುದಾದರೆ ಹೇಗೆ, ಬೇರೆಯಾಗುವುದಾದರೆ ಹೇಗೆ, ಎರಡೂ ಅಲ್ಲಿ ಚರ್ಚೆಗೆ ಬರುತ್ತವೆ. ಆ ಕೋಣೆಯಲ್ಲಿ ಆಡಿದ ಮಾತನ್ನು ಮುಂದೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ನ್ಯಾಯಾಲಯಕ್ಕೆ ಹೋಗುವುದು ಒಪ್ಪಂದ ಆಯಿತು ಅಥವಾ ಆಗಲಿಲ್ಲ ಎಂಬ ವರದಿ. ಇದಕ್ಕೊಂದು ಅಪವಾದ ಇದೆ: ಮಗುವಿನ ಜೊತೆ ಮಾತಾಡಿದ ಆಪ್ತಸಮಾಲೋಚಕರ ವರದಿಯನ್ನು ಮಗುವಿನ ಹಿತಕ್ಕಾಗಿ ನ್ಯಾಯಾಲಯ ನೋಡಬಹುದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅಲ್ಲಿಗೆ ಹೋಗುವ ಮುನ್ನ ಮನೆಯಲ್ಲಿ ಮಾಡಬೇಕಾದ ಕೆಲಸ ಒಂದಿದೆ. ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಏಳು ಕಾಲಂ ಹಾಕಿ. ಬೆಳಿಗ್ಗೆ ಮಗುವನ್ನು ಎಬ್ಬಿಸುವವರು ಯಾರು, ಶಾಲೆಯ ವ್ಯಾನ್ ಎಷ್ಟು ಗಂಟೆಗೆ, ಮಧ್ಯಾಹ್ನ ಯಾರ ಮನೆಯಲ್ಲಿ ಊಟ, ಸಂಗೀತ ಅಥವಾ ಈಜಿನ ಕ್ಲಾಸು ಯಾವ ದಿನ, ಜ್ವರ ಬಂದರೆ ಯಾವ ಡಾಕ್ಟರು, ರಾತ್ರಿ ಯಾರ ಪಕ್ಕ ಮಲಗುವ ಅಭ್ಯಾಸ, ಎಲ್ಲ ತುಂಬಿಸಿ. ಇಬ್ಬರೂ ಬೇರೆ ಬೇರೆಯಾಗಿಯೇ ತುಂಬಿಸಿ. ನಮ್ಮ ಆ ಸಂಬಂಧಿಕರು ಎರಡನೇ ಸಲ ಮೀಡಿಯೇಷನ್‌ಗೆ ಹೋದಾಗ ಮಧ್ಯಸ್ಥಗಾರ್ತಿ ಇಂಥ ಎರಡು ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಅಪ್ಪನ ಹಾಳೆಯಲ್ಲಿ ಬುಧವಾರದ ಚೆಸ್ ಕ್ಲಾಸೇ ಇರಲಿಲ್ಲ. ಅಮ್ಮನ ಹಾಳೆಯಲ್ಲಿ ಮಲಗುವ ಮುಂಚೆ ಅಪ್ಪ ಫೋನಿನಲ್ಲಿ ಹೇಳುವ ಕಥೆ ಇರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾತುಕತೆ ಶುರುವಾದದ್ದು ಅಲ್ಲಿಂದ.

ಕಸ್ಟಡಿ: ಕಾನೂನು ಏನು ನೋಡುತ್ತದೆ

1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ 13ನೇ ಕಲಂ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎಂದು 6ನೇ ಕಲಂ ಹೇಳುತ್ತದೆ. 'ಸಾಮಾನ್ಯವಾಗಿ' ಎಂಬ ಪದದ ಮೇಲೆ ಕಣ್ಣಿಡಿ. ಐದು ತುಂಬಿದ ಮಾರನೇ ದಿನ ಮಗು ತಂದೆಗೆ ಹೋಗುತ್ತದೆ ಎಂದು ಅದರ ಅರ್ಥವಲ್ಲ, ಐದರೊಳಗೆ ತಂದೆಗೆ ಏನೂ ಇಲ್ಲ ಎಂದೂ ಅಲ್ಲ. ತಂದೆಯ 'ನಂತರ' ತಾಯಿ ಪಾಲಕಿ ಎಂಬ ಮಾತನ್ನು, ಲೇಖಕಿ ಗೀತಾ ಹರಿಹರನ್ ರಿಸರ್ವ್ ಬ್ಯಾಂಕಿನ ವಿರುದ್ಧ ತಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಬೇರೆ ರೀತಿ ಓದಿತು. 'ನಂತರ' ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅಲ್ಲ, ತಂದೆ ಯಾವ ಕಾರಣಕ್ಕಾದರೂ ಮಗುವಿನ ಹೊಣೆ ಹೊರದಿದ್ದಾಗಲೂ ತಾಯಿಯೇ ಪಾಲಕಿ.

ತಾಯಿಗೇ ಯಾವಾಗಲೂ ಕಸ್ಟಡಿ ಸಿಗುತ್ತದೆ ಎಂದು ನಂಬಿದವರು ಬೆಂಗಳೂರಿನದೇ ಒಂದು ಪ್ರಕರಣವನ್ನು ತಿಳಿದಿರಬೇಕು. ಒಪ್ಪಿಗೆಯ ವಿಚ್ಛೇದನ ಆಗಿದ್ದ ದಂಪತಿಯ ನಡುವೆ ಆಮೇಲೆ ಮಗಳ ಕಸ್ಟಡಿಗೆ ವ್ಯಾಜ್ಯ ಹುಟ್ಟಿತು. ಇಲ್ಲಿನ ಕುಟುಂಬ ನ್ಯಾಯಾಲಯ, ಹೈಕೋರ್ಟ್ ದಾಟಿ ಅದು ಸುಪ್ರೀಂ ಕೋರ್ಟಿಗೆ ಹೋಯಿತು. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮಗಳನ್ನು ತಾಯಿಯ ಬಳಿಯೇ ಉಳಿಸಿತು. ಆದರೆ ತಂದೆಗಿಂತ ತಾಯಿಯೇ ಯಾವಾಗಲೂ ಮೇಲು ಎಂಬ ಹೈಕೋರ್ಟಿನ ಸಾಮಾನ್ಯೀಕರಣವನ್ನು ಒಪ್ಪಲಿಲ್ಲ. ಪ್ರತಿ ಮಗುವಿನ ವಿಷಯವನ್ನೂ ಬೇರೆಯಾಗಿ ನೋಡಬೇಕು. ನನಗೆ ಅದರಲ್ಲಿ ಕಾಡುವುದು ಇನ್ನೊಂದು. ಒಪ್ಪಿಗೆಯಿಂದಲೇ ಬೇರೆಯಾದವರೂ ಮಗುವಿನ ವಿಷಯಕ್ಕೆ ಮೂರು ನ್ಯಾಯಾಲಯ ಹತ್ತಬೇಕಾಯಿತು.

ಮಗು ತನ್ನ ಇಷ್ಟ ಹೇಳುವಷ್ಟು ತಿಳಿವಳಿಕೆ ಬಂದ ವಯಸ್ಸಿನದಾಗಿದ್ದರೆ ನ್ಯಾಯಾಧೀಶರು ಅದರ ಜೊತೆ ತಮ್ಮ ಕೋಣೆಯಲ್ಲಿ ಮಾತಾಡಬಹುದು. ಇಂತಿಷ್ಟೇ ವಯಸ್ಸು ಎಂದು ಕಾಯ್ದೆಯಲ್ಲಿ ಇಲ್ಲ. ದಯವಿಟ್ಟು ಮಗುವಿಗೆ ಪಾಠ ಹೇಳಿಕೊಟ್ಟು ಕಳಿಸಬೇಡಿ. ಹೇಳಿಕೊಟ್ಟ ಮಾತು ಗೊತ್ತಾಗಿಬಿಡುತ್ತದೆ, ಮತ್ತು ಒಬ್ಬ ಪೋಷಕರ ಮೇಲೆ ಮಗುವಿಗೆ ದ್ವೇಷ ತುಂಬುವುದನ್ನು ನ್ಯಾಯಾಲಯಗಳು ಈಗ ಗಂಭೀರವಾಗಿ ತೆಗೆದುಕೊಳ್ಳುತ್ತಿವೆ. ಗಂಡ ಹೆಂಡತಿಯ ಫೋನ್ ಮಾತಿನ ಗುಪ್ತ ರೆಕಾರ್ಡಿಂಗನ್ನು ವೈವಾಹಿಕ ಕೇಸಿನಲ್ಲಿ ಸಾಕ್ಷ್ಯವಾಗಿ ಒಪ್ಪಬಹುದು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ನಿಜ. ಅಷ್ಟಕ್ಕೇ ಮಗುವಿನ ಬಾಯಿಂದ ಮಾತು ತೆಗೆಸಿ ರೆಕಾರ್ಡ್ ಮಾಡಲು ಹೋಗಬೇಡಿ. ಮಗು ಮಂಕಾಗಿದ್ದರೆ, ಹಾಸಿಗೆ ಒದ್ದೆ ಮಾಡಲು ಶುರುಮಾಡಿದ್ದರೆ, ದಕ್ಷಿಣ ಬೆಂಗಳೂರಿನವರಿಗೆ ನಿಮ್ಹಾನ್ಸ್ ಹತ್ತಿರದಲ್ಲೇ ಇದೆ. ಮಕ್ಕಳ ಮನೋವೈದ್ಯ ವಿಭಾಗ ಹೊಸೂರು ರಸ್ತೆಯ ಆವರಣದಲ್ಲಿದೆ, ದೊಡ್ಡವರ ಆಪ್ತಸಮಾಲೋಚನೆಗೆ ಬಿಟಿಎಂ ಲೇಔಟಿನಲ್ಲಿ ಅವರದೇ ಯೋಗಕ್ಷೇಮ ಕೇಂದ್ರವಿದೆ.

ಜಂಟಿ ಕಸ್ಟಡಿಯನ್ನು ಕಾಯ್ದೆಗೆ ಸೇರಿಸಬೇಕೆಂದು ಕೇಂದ್ರ ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿತು. ಕಾಯ್ದೆ ಬದಲಾಗಲಿಲ್ಲ. ಆದರೆ ನೀವಿಬ್ಬರೂ ಒಪ್ಪಿದರೆ ಅದನ್ನು ಬರೆದುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಮಗುವಿಗೆ ತಂದೆ ತಾಯಿ ಇಬ್ಬರ ಪ್ರೀತಿಯ ಹಕ್ಕೂ ಇದೆ, ದೂರದಲ್ಲಿರುವ ಪೋಷಕರಿಗೆ ವಿಡಿಯೊ ಕರೆಯ ಅವಕಾಶವಾದರೂ ಸಿಗಬೇಕು ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಬರೆದಿದೆ.

ಬರೆಯುವಾಗ ಗಡಿಯಾರ, ಕ್ಯಾಲೆಂಡರ್ ಎರಡನ್ನೂ ಮುಂದಿಟ್ಟುಕೊಳ್ಳಿ. ಯಾವ ವಾರಾಂತ್ಯ, ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ, ಮಗುವನ್ನು ಎಲ್ಲಿ ಒಪ್ಪಿಸುವುದು. ಮನೆ ಬಾಗಿಲಲ್ಲಿ ಒಪ್ಪಿಸುವುದಾದರೆ ಹಳೆ ಜಗಳ ಹೊಸ್ತಿಲಲ್ಲೇ ಏಳುತ್ತದೆ. ಶಾಲೆಯ ಗೇಟು, ಮೆಟ್ರೊ ನಿಲ್ದಾಣದಂಥ ನಾಲ್ಕು ಜನ ಓಡಾಡುವ ಜಾಗ ವಾಸಿ. ಸಿಲ್ಕ್ ಬೋರ್ಡ್ ದಾಟಿ ಬರುವವರಿಗೆ ಅರ್ಧ ಗಂಟೆ ತಡ ಆದರೆ ತಕರಾರು ಮಾಡುವಂತಿಲ್ಲ ಎಂಬುದನ್ನೂ ಬರೆಯಿರಿ. ಯುಗಾದಿ ಒಂದು ವರ್ಷ ಇಲ್ಲಿ, ದೀಪಾವಳಿ ಅಲ್ಲಿ, ಮುಂದಿನ ವರ್ಷ ಅದಲುಬದಲು. ದಸರಾ ರಜೆ ಅರ್ಧರ್ಧ. ಬೇಸಿಗೆ ರಜೆಯಲ್ಲಿ ಊರಿನ ಅಜ್ಜಿ ಮನೆಗೆ ಎಷ್ಟು ದಿನ. ಅಜ್ಜಿ ತಾತಂದಿರನ್ನು ಒಪ್ಪಂದದಿಂದ ಹೊರಗಿಟ್ಟರೆ ಮಗುವಿಗೆ ಒಂದು ಮನೆಯೇ ಹೋದಂತೆ. ಶಾಲೆಯ ಪೋಷಕರ ಸಭೆಗೆ ಇಬ್ಬರೂ ಬರಬಹುದೇ, ಆಸ್ಪತ್ರೆಗೆ ಸೇರಿಸಬೇಕಾದರೆ ಯಾರಿಗೆ ಮೊದಲು ಹೇಳಬೇಕು, ಪಾಸ್‌ಪೋರ್ಟ್ ಯಾರ ಬಳಿ ಇರುತ್ತದೆ, ಶಾಲೆ ಬದಲಿಸಲು ಇಬ್ಬರ ಒಪ್ಪಿಗೆ ಬೇಕೇ, ಹೊರದೇಶಕ್ಕೆ ಕರೆದೊಯ್ಯಲು ಎಷ್ಟು ದಿನ ಮೊದಲು ತಿಳಿಸಬೇಕು, ಇವನ್ನೂ ಸೇರಿಸಿ. ಮಗುವಿಗೆ ಹನ್ನೆರಡು ತುಂಬಿದಾಗ ಇಡೀ ಪಟ್ಟಿಯನ್ನು ಮತ್ತೆ ನೋಡುವುದು ಎಂದೂ ಒಂದು ಸಾಲು ಇರಲಿ.

ಹಣದ ಮಾತು

ಜೀವನಾಂಶಕ್ಕೆ ಸಂಬಳದಲ್ಲಿ ಇಷ್ಟು ಪಾಲು ಎಂಬ ನಿಗದಿತ ಸೂತ್ರ ಇಲ್ಲ. 2020ರ ನವೆಂಬರ್ 4ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಕೊಡಬೇಕು. ಸಂಬಳದ ಚೀಟಿ, ಬ್ಯಾಂಕ್ ಲೆಕ್ಕ, ಆದಾಯ ತೆರಿಗೆ ವಿವರ ಮೊದಲೇ ಜೋಡಿಸಿಕೊಳ್ಳಿ, ಮುಚ್ಚಿಡಬೇಡಿ. ಜೀವನಾಂಶ ಅರ್ಜಿ ಕೊಟ್ಟ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಅರ್ಜಿ ತಡಮಾಡಿದಷ್ಟೂ ನಷ್ಟ. ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಅಡಿ ಮಧ್ಯಂತರ ಜೀವನಾಂಶವನ್ನು ಆದಾಯವಿಲ್ಲದ ಗಂಡನೂ ಕೇಳಬಹುದು. ಜೀವನಾಂಶ ಕೇಳಲು ಇದ್ದ ದಂಡ ಪ್ರಕ್ರಿಯಾ ಸಂಹಿತೆಯ ಹಳೆಯ 125ನೇ ಕಲಂ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ 125ನೇ ಕಲಂನ ಹಕ್ಕಿದೆ ಎಂದು ಅದೇ ತಿಂಗಳು ಸುಪ್ರೀಂ ಕೋರ್ಟ್ ಹೇಳಿತು.

ಮಗುವಿನ ಖರ್ಚಿನಲ್ಲಿ ಶಾಲೆಯ ಶುಲ್ಕವನ್ನು ಎಲ್ಲರೂ ಬರೆಯುತ್ತಾರೆ. ಹದಿನೆಂಟರ ಮೇಲಿನ ಕಾಲೇಜು ಖರ್ಚು, ಆರೋಗ್ಯ ವಿಮೆ, ವರ್ಷ ವರ್ಷ ಏರುವ ಬೆಲೆ ಮರೆತುಹೋಗುತ್ತವೆ. ಇಬ್ಬರ ಹೆಸರಿನಲ್ಲಿ ಗೃಹಸಾಲ ಇದ್ದರೆ ನಿಮ್ಮ ಒಪ್ಪಂದ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಫ್ಲ್ಯಾಟು ಒಬ್ಬರಿಗೆ ಎಂದು ಬರೆದುಕೊಂಡರೂ ಬ್ಯಾಂಕ್ ಒಪ್ಪಿ ಹೆಸರು ತೆಗೆಯುವವರೆಗೆ ಕಂತಿನ ಹೊಣೆ ಇಬ್ಬರದೂ. ಇನ್ನೊಂದು ವಿಷಯ: ಜೀವನಾಂಶ ಬಂದಿಲ್ಲ ಎಂದು ಮಗುವನ್ನು ತೋರಿಸದೆ ಇರುವುದು, ಮಗುವನ್ನು ತೋರಿಸಿಲ್ಲ ಎಂದು ಹಣ ನಿಲ್ಲಿಸುವುದು, ಎರಡೂ ತಪ್ಪು. ಎರಡಕ್ಕೂ ನ್ಯಾಯಾಲಯದಲ್ಲಿ ಬೇರೆ ಬೇರೆ ಪರಿಹಾರ ಇದೆ.

ಮೇಜಿಗೆ ಹೋಗಬಾರದ ಸಂದರ್ಭ

ಹೊಡೆತ, ಬೆದರಿಕೆ ಇರುವ ಮನೆಯವರಿಗೆ ನಾನು ಇಷ್ಟು ಹೊತ್ತು ಹೇಳಿದ್ದು ಮೊದಲ ಹೆಜ್ಜೆ ಅಲ್ಲ. ಭಯಪಡುವವರನ್ನು ಭಯಪಡಿಸುವವರ ಎದುರು ಕೂರಿಸಿದರೆ ಒಪ್ಪಂದ ಹುಟ್ಟುವುದಿಲ್ಲ, ಶರಣಾಗತಿ ಹುಟ್ಟುತ್ತದೆ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ, ಮನೆಯಲ್ಲಿ ವಾಸದ ಹಕ್ಕು, ಮಗುವಿನ ತಾತ್ಕಾಲಿಕ ಕಸ್ಟಡಿ ಎಲ್ಲವನ್ನೂ ಕೊಡಬಹುದು. "ಅಡ್ಜಸ್ಟ್ ಮಾಡ್ಕೊಳಮ್ಮ" ಎಂದು ಹೇಳುವ ದೊಡ್ಡವರ ಮಾತಿಗೆ ಈ ಒಂದು ವಿಷಯದಲ್ಲಿ ಕಿವಿಗೊಡಬೇಡಿ. ಹಿಂಸೆ ಇದ್ದಿದ್ದೇ ನಿಜವಾದರೆ ಮಧ್ಯಸ್ಥಗಾರರಿಗೂ ಅದನ್ನು ಮೊದಲೇ ತಿಳಿಸಿ, ಬೇರೆ ಬೇರೆ ಕೂರಿಸಿ ಮಾತಾಡಿಸಿ ಎಂದು ಕೇಳಿ.

ವಿದೇಶದಲ್ಲಿರುವ ಮಕ್ಕಳ ವಿಷಯದಲ್ಲೂ ಅವಸರ ಬೇಡ. ಅಮೆರಿಕದಿಂದ ಮಗುವನ್ನು ಕರೆದುಕೊಂಡು ಜೆ.ಪಿ. ನಗರದ ತವರಿಗೆ ಬಂದವರು, ಅಲ್ಲಿ ಡಿಕ್ರಿ ಪಡೆದವರು ನಮ್ಮ ನಡುವೆ ಬಹಳ ಇದ್ದಾರೆ. ಮಕ್ಕಳ ಅಂತರರಾಷ್ಟ್ರೀಯ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಗೆಂದು ಇಲ್ಲಿಗೆ ಬಂದರೆ ಗೆದ್ದಂತೆ ಎಂದಲ್ಲ. ನಮ್ಮ ನ್ಯಾಯಾಲಯಗಳು ಮಗುವಿನ ಹಿತ ನೋಡಿ ಮಗುವನ್ನು ವಾಪಸ್ ಕಳಿಸಿದ ಉದಾಹರಣೆಗಳೂ ಇವೆ. ನಮ್ಮ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ, ಒಬ್ಬರ ಒಪ್ಪಿಗೆ ಇಲ್ಲದೆ ಆದ ವಿದೇಶಿ ವಿಚ್ಛೇದನ ಇಲ್ಲಿ ನಿಲ್ಲುವುದಿಲ್ಲ ಎಂದು 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಟಿಕೆಟ್ ತೆಗೆಸುವ ಮುಂಚೆ ಎರಡೂ ದೇಶದ ವಕೀಲರನ್ನು ಕೇಳಿ.

ಕಸ್ಟಡಿಯ ಆದೇಶ ಎಂದೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಮಗುವಿನ ಅಗತ್ಯ ಬದಲಾದರೆ, ಡಿಕ್ರಿ ಆದ ಮೇಲೂ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಅಡಿ ಅರ್ಜಿ ಕೊಟ್ಟು ಬದಲಾಯಿಸಿಕೊಳ್ಳಬಹುದು. ನಮ್ಮವರು ಮಾಡಿದ್ದು ಅದನ್ನೇ. ಆ ಗಣೇಶ ಹಬ್ಬ ಕಳೆದು ಎಂಟು ತಿಂಗಳಿಗೆ ಮತ್ತೆ ಸಿದ್ದಯ್ಯ ರಸ್ತೆಗೆ ಹೋದರು, ಮತ್ತೆ ಅದೇ ಮೇಜು. ಈ ಸಲ ಮಗುವಿನ ಬಗ್ಗೆ ಮೂರು ಪುಟ ಆಯಿತು. ತಿಂಗಳ ಮೊದಲ ಮತ್ತು ಮೂರನೇ ಶುಕ್ರವಾರ ಶಾಲೆ ಬಿಟ್ಟ ಮೇಲೆ ಅಪ್ಪ ಕರೆದುಕೊಂಡು ಹೋಗುವುದು, ಭಾನುವಾರ ಸಂಜೆ 6ಕ್ಕೆ ಜಯನಗರ ಮೆಟ್ರೊ ನಿಲ್ದಾಣದ ಬಳಿ ಒಪ್ಪಿಸುವುದು. ಬುಧವಾರ ಚೆಸ್ ಕ್ಲಾಸಿಗೆ ಅಪ್ಪನೇ ಬಿಡುವುದು. ಪ್ರತಿ ರಾತ್ರಿ 8:30ಕ್ಕೆ ಹತ್ತು ನಿಮಿಷ ಫೋನಿನಲ್ಲಿ ಕಥೆ. ಗಣೇಶ ಹಬ್ಬದ ಬೆಳಿಗ್ಗೆ ಅಮ್ಮನ ಮನೆ, ಮಧ್ಯಾಹ್ನ ಮೂರರ ಮೇಲೆ ಅಪ್ಪನ ಮನೆ. ಆ ಪುಟಗಳ ಒಂದು ಜೆರಾಕ್ಸ್ ಬನಶಂಕರಿಯ ಮನೆಯ ಫ್ರಿಡ್ಜಿನ ಬಾಗಿಲ ಮೇಲಿದೆ, ಇನ್ನೊಂದು ಬಿಟಿಎಂನ ಫ್ರಿಡ್ಜಿನ ಮೇಲೆ. ಅಪ್ಪನ ಶುಕ್ರವಾರಗಳಿಗೆ ಹುಡುಗ ತಾನೇ ಕೆಂಪು ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿಕೊಂಡಿದ್ದಾನೆ.